ಕೊನೆಯಲ್ಲಿ 615 ಇರಬೇಕೋ, 616 ಇರಬೇಕೋ? ಚದುರಂಗದ ಕಾಳಿನ ಲೆಕ್ಕ

ಕಿಟಕಿಪಕ್ಕ
ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಎರಡು ದಿನದಿಂದ ಒಂದು ಜಗಳ ನಡೆಯುತ್ತಿದೆ, ತೀರಿಸಿಕೊಡಿ.

ಮಗಳು ಎಂಟನೆಯ ತರಗತಿ. ಘಾತಾಂಕಗಳ ಪಾಠದಲ್ಲಿ ಆ ಹಳೆಯ ಕಥೆ ಬಂದಿದೆ: ಚದುರಂಗ ಕಂಡುಹಿಡಿದವನು ರಾಜನ ಬಳಿ ಮೊದಲ ಮನೆಗೆ ಒಂದು ಗೋಧಿ ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ 64 ಮನೆಗೂ ದುಪ್ಪಟ್ಟು ಮಾಡುತ್ತಾ ಕೊಡು ಎಂದು ಕೇಳಿದ ಕಥೆ. ಒಟ್ಟು ಎಷ್ಟು ಕಾಳು ಎಂಬುದು ಪ್ರಶ್ನೆ. ಇವಳು ಹಟ ಹಿಡಿದು ಚೌಕಳಿ ಪುಸ್ತಕದಲ್ಲಿ ನಾಲ್ಕು ಪುಟ ದುಪ್ಪಟ್ಟು ಮಾಡಿ ಮಾಡಿ, ಕೂಡಿಸಿ, ಬರೆದ ಉತ್ತರ:

18446744073709551615

ಶಾಲೆಯಲ್ಲಿ ಕೊಟ್ಟ ಉತ್ತರಪಟ್ಟಿಯಲ್ಲಿ ಇರುವುದು:

18446744073709551616

ನಾನು ಮಧ್ಯಸ್ಥಿಕೆ ವಹಿಸಲು ಮೊಬೈಲ್ ತೆಗೆದೆ. ಅದು 18446744073709552000 ಎಂದಿತು. ಕಚೇರಿಯ ಕಂಪ್ಯೂಟರಿನ ಲೆಕ್ಕದ ಹಾಳೆಯಲ್ಲಿ ಹಾಕಿದೆ, 18446744073709600000 ಎಂದಿತು. ಈಗ ಒಂದು ಪ್ರಶ್ನೆಗೆ ನಾಲ್ಕು ಉತ್ತರ. ಮಗಳು "ಅಪ್ಪ, ನಿನ್ನ ಯಂತ್ರಗಳು ಸುಸ್ತಾಗಿವೆ" ಎಂದು ನಗುತ್ತಿದ್ದಾಳೆ.

ಯಾವುದು ಸರಿ? ಅದಕ್ಕಿಂತ ಮುಖ್ಯವಾಗಿ, ಯಂತ್ರ ನಂಬದೆ ಪರೀಕ್ಷಿಸುವುದು ಹೇಗೆ? ಈ ಸಂಖ್ಯೆ ದೊಡ್ಡದು ಎಂಬುದನ್ನು ಬಿಟ್ಟು ಇದರಲ್ಲಿ ಬೇರೆ ಏನಾದರೂ ವಿಶೇಷ ಇದೆಯೇ?

ಸುಮ್ಮನೆಓದುಗ
615. ಮಗಳಿಗೆ ಒಂದು ಹೋಳಿಗೆ ಕೊಡಿಸಿ.

ನಿವೃತ್ತಮೇಷ್ಟ್ರು
ಮಗಳದ್ದೇ ಸರಿ. ಕಾರಣವನ್ನು ಅವಳಿಗೆ ಹೀಗೆ ಹೇಳಿ.

ರಾಜ ಲೆಕ್ಕ ಶುರು ಮಾಡುವ ಮೊದಲು ಪಕ್ಕದ ಮನೆಯಿಂದ ಒಂದು ಕಾಳು ಸಾಲ ತರಲಿ. ಮೊದಲ ಮನೆಯ ಒಂದು ಕಾಳಿಗೆ ಈ ಸಾಲದ ಕಾಳು ಸೇರಿಸಿದರೆ ಎರಡಾಯಿತು. ಎರಡನೆಯ ಮನೆಯಲ್ಲೂ ಎರಡೇ ಇದೆ, ಎರಡೂ ಸೇರಿ ನಾಲ್ಕು. ಮೂರನೆಯ ಮನೆಯಲ್ಲೂ ನಾಲ್ಕೇ, ಸೇರಿ ಎಂಟು. ಪ್ರತಿ ಮನೆಯಲ್ಲೂ ಇಷ್ಟೇ ನಡೆಯುತ್ತದೆ: ಕೈಯಲ್ಲಿರುವ ರಾಶಿಗೆ ಸರಿಸಮನಾದ ರಾಶಿ ಮುಂದಿನ ಮನೆಯಲ್ಲಿ ಕಾಯುತ್ತಿರುತ್ತದೆ. 64 ಮನೆ ಮುಗಿದಾಗ ಕೈಯಲ್ಲಿ ಇರುವುದು 2ರ 64ನೆಯ ಘಾತ, ಅಂದರೆ ...616. ಅದರಲ್ಲಿ ಸಾಲದ ಕಾಳು ಹಿಂತಿರುಗಿಸಬೇಕಲ್ಲವೇ? ಹಿಂತಿರುಗಿಸಿದರೆ 615. ಉತ್ತರಪಟ್ಟಿ ಬರೆದವರು ಸಾಲ ತೀರಿಸಲು ಮರೆತಿದ್ದಾರೆ, ಅಷ್ಟೇ.

ಮೂವತ್ತನಾಲ್ಕು ವರ್ಷ ಪಾಠ ಮಾಡಿದ್ದೇನೆ. ಸೂತ್ರ ಕಲಿತವರು ಮರುವರ್ಷ ಮರೆತರು, ಸಾಲದ ಕಾಳಿನ ಕಥೆ ಕೇಳಿದವರು ಮದುವೆ ಮನೆಯಲ್ಲಿ ಸಿಕ್ಕಾಗ ಇನ್ನೂ ಹೇಳುತ್ತಾರೆ.

ಎಡವಟ್ಟು
ಮೇಷ್ಟ್ರೇ, 616 ಕೂಡ ತಪ್ಪೇನಲ್ಲ. ಅದು 65ನೆಯ ಮನೆಯ ಕಾಳು.

ನಿವೃತ್ತಮೇಷ್ಟ್ರು
@ಎಡವಟ್ಟು 65ನೆಯ ಮನೆ ಇರುವ ಚದುರಂಗದ ಹಾಸು ನಿಮ್ಮ ಮನೆಯಲ್ಲಿ ಇದ್ದರೆ ಖಂಡಿತ.

ಕೊಡಗಿನಮಳೆ
ಯಂತ್ರವಿಲ್ಲದೆ ಪರೀಕ್ಷಿಸುವ ಸುಲಭ ದಾರಿ: ಕೊನೆಯ ಅಂಕಿ ನೋಡಿ. 2, 4, 8, 16, 32, 64, 128, 256. ಕೊನೆಯ ಅಂಕಿ 2, 4, 8, 6 ಎಂದು ನಾಲ್ಕು ಹೆಜ್ಜೆಗೊಮ್ಮೆ ಸುತ್ತುತ್ತದೆ. 64 ನಾಲ್ಕರಿಂದ ಭಾಗವಾಗುತ್ತದೆ, ಹಾಗಾಗಿ 2^64ರ ಕೊನೆಗೆ 6. ಒಂದು ಕಳೆದರೆ 5. ಸೊನ್ನೆಯಿಂದ ಮುಗಿಯುವ ಎರಡೂ ಯಂತ್ರಗಳ ಉತ್ತರ ಅಲ್ಲಿಗೇ ಬಿದ್ದುಹೋಯಿತು. ಇನ್ನೂ ಒಂದು: ಎರಡರ ಘಾತ ಎಷ್ಟೇ ದೊಡ್ಡದಾದರೂ ಸೊನ್ನೆಯಲ್ಲಿ ಮುಗಿಯುವುದೇ ಇಲ್ಲ, ಐದರ ಸಹವಾಸವೇ ಅದಕ್ಕಿಲ್ಲ.

ಕೀಲಿಮಣೆ
ಯಂತ್ರಗಳ ಪರವಾಗಿ ವಕಾಲತ್ತು ವಹಿಸುತ್ತೇನೆ. ಅವು ಸುಸ್ತಾಗಿಲ್ಲ, ಜಾಗ ಸಾಲದೆ ಒದ್ದಾಡುತ್ತಿವೆ.

ಸಾಮಾನ್ಯ ಲೆಕ್ಕದ ತಂತ್ರಾಂಶಗಳು ಸಂಖ್ಯೆಯ ಮುಖ್ಯ ಅಂಕಿಗಳಿಗೆ 53 ಬಿಟ್ (0 ಅಥವಾ 1 ಕೂರುವ ಸ್ಥಾನ) ಜಾಗ ಇಡುತ್ತವೆ. 2^53, ಅಂದರೆ 9007199254740992ರವರೆಗಿನ ಪೂರ್ಣಾಂಕಗಳೆಲ್ಲ ಅದರಲ್ಲಿ ಸರಿಯಾಗಿ ಕೂರುತ್ತವೆ. ಅಲ್ಲಿಂದ ಮುಂದೆ ಕೆಲವು ಕೂರುತ್ತವೆ, ಕೆಲವಕ್ಕೆ ಹತ್ತಿರದ ಖಾಲಿ ಕುರ್ಚಿ ಸಿಗುತ್ತದೆ. ನಮ್ಮ ಸಂಖ್ಯೆಯನ್ನು ದ್ವಿಮಾನದಲ್ಲಿ, ಅಂದರೆ 0 ಮತ್ತು 1 ಮಾತ್ರ ಬಳಸಿ, ಬರೆದರೆ ಸಾಲಾಗಿ 64 ಒಂದುಗಳು. ಅದು 53ರಲ್ಲಿ ಹಿಡಿಸುವುದಿಲ್ಲ, ಆದ್ದರಿಂದ ಪಕ್ಕದ ಕುರ್ಚಿಯಾದ 2^64ರಲ್ಲಿ ಕೂತುಬಿಡುತ್ತದೆ. ತಮಾಷೆ ಏನೆಂದರೆ, ನಿಮ್ಮ ಮೊಬೈಲ್ ಒಳಗೆ ಇಟ್ಟುಕೊಂಡದ್ದು ಉತ್ತರಪಟ್ಟಿಯ ...616 ಅನ್ನೇ. ತೋರಿಸುವಾಗ ಮಾತ್ರ "ಇಷ್ಟು ಅಂಕಿ ಸಾಕು" ಎಂದು ಬಾಲವನ್ನು ಸೊನ್ನೆ ಮಾಡಿತು. ಲೆಕ್ಕದ ಹಾಳೆ ಇನ್ನೂ ಜಿಪುಣ, 15 ಅಂಕಿ ಆದಮೇಲೆ ಎಲ್ಲವೂ ಸೊನ್ನೆ.

ನಮ್ಮ ಕಸುಬಿನವರಿಗೆ ಈ ಸಂಖ್ಯೆ ನೆಂಟನಿದ್ದಂತೆ. ಋಣ ಚಿಹ್ನೆ ಇಲ್ಲದ 64 ಬಿಟ್ ಪೂರ್ಣಾಂಕದ ಗರಿಷ್ಠ ಬೆಲೆ ಇದೇ. ಇದಕ್ಕೆ ಒಂದು ಸೇರಿಸಿದರೆ ಹಳೆಯ ಸ್ಕೂಟರಿನ ಮೀಟರಿನಂತೆ ಮತ್ತೆ ಸೊನ್ನೆಗೆ ಬರುತ್ತದೆ.

ಸುಮ್ಮನೆಓದುಗ
ಯೂಟ್ಯೂಬಿನಲ್ಲಿ ಕೊರಿಯಾದ ಒಂದು ಹಾಡು ಎಣಿಕೆ ಮೀರಿತು ಎಂದು ಸುದ್ದಿಯಾಗಿತ್ತಲ್ಲ, ಅದು ಇದೇ ಸಂಖ್ಯೆಯೇ?

ಕೀಲಿಮಣೆ
ಅಲ್ಲ, ಅದು ಇದರ ಚಿಕ್ಕ ತಮ್ಮ. 2014ರಲ್ಲಿ ಆ ವಿಡಿಯೊ 2147483647 ವೀಕ್ಷಣೆ ದಾಟಿತು. ಅದು 2^31 − 1. ಈಗ ಮಿತಿ 9223372036854775807, ಅಂದರೆ 2^63 − 1. ಚದುರಂಗದ ಭಾಷೆಯಲ್ಲಿ ಹೇಳುವುದಾದರೆ ಮೊದಲ 63 ಮನೆಗಳ ಒಟ್ಟು ಕಾಳು.

ಎಡವಟ್ಟು
2147483647 ಅವಿಭಾಜ್ಯ ಸಂಖ್ಯೆ ಎಂದು ಓದಿದ ನೆನಪು. ಹಾಗಾದರೆ ಇದೂ ಅವಿಭಾಜ್ಯವೇ ಇರಬೇಕು. ಎರಡೂ "ಎರಡರ ಘಾತದಲ್ಲಿ ಒಂದು ಕಡಿಮೆ" ತಾನೆ?

ಕೊಡಗಿನಮಳೆ
ಐದರಲ್ಲಿ ಮುಗಿಯುತ್ತದೆ ಎಂದು ಈಗಷ್ಟೇ ಬರೆದೆ. ಐದರಲ್ಲಿ ಮುಗಿಯುವ ಅವಿಭಾಜ್ಯ ಐದು ಒಂದೇ.

ಎಡವಟ್ಟು
ಹೆಸರು ಉಳಿಸಿಕೊಂಡೆ.

ನಿವೃತ್ತಮೇಷ್ಟ್ರು
ಎಡವಟ್ಟಿನಲ್ಲೂ ಒಳ್ಳೆಯ ಪ್ರಶ್ನೆ ಇದೆ. 2^31 − 1 ಅವಿಭಾಜ್ಯ ಎಂಬುದು ನಿಜ, ಗಣಿತಜ್ಞ ಆಯ್ಲರ್ 1772ರಲ್ಲಿ ತೋರಿಸಿಕೊಟ್ಟ. ಆದರೆ ಹಾಗಾಗಬೇಕಾದರೆ ಮೊದಲು ಘಾತಾಂಕವೇ ಅವಿಭಾಜ್ಯ ಆಗಿರಬೇಕು. 31 ಅವಿಭಾಜ್ಯ, 64 ಅಲ್ಲ. ಘಾತಾಂಕ ಅವಿಭಾಜ್ಯವಾದರೆ ಸಾಕೇ ಎಂದರೆ ಅದೂ ಸಾಲದು. 2^67 − 1 ಅನ್ನು ನೋಡಿ: 1903ರಲ್ಲಿ ಕೋಲ್ ಎಂಬ ಅಮೆರಿಕದ ಗಣಿತಜ್ಞ ಅದನ್ನು 193707721 × 761838257287 ಎಂದು ಒಡೆದು ತೋರಿಸಿದ.

ನಮ್ಮ 2^64 − 1 ಅನ್ನು ಒಡೆಯಲು ಅಂಥ ಕಷ್ಟವೇನಿಲ್ಲ. ಎಂಟನೆಯ ತರಗತಿಯ a² − b² ಸೂತ್ರ ಸಾಕು.

2^64 − 1 = (2^32 + 1)(2^32 − 1)
ಎರಡನೆಯದನ್ನು ಮತ್ತೆ ಒಡೆಯಿರಿ: (2^16 + 1)(2^16 − 1)
ಮತ್ತೆ, ಮತ್ತೆ.

ಈರುಳ್ಳಿ ಸುಲಿದಂತೆ ಸುಲಿಯುತ್ತಾ ಹೋದರೆ ಕೊನೆಗೆ ಸಿಗುವುದು:

3 × 5 × 17 × 257 × 65537 × 4294967297

ಈ ಆರು ಸಂಖ್ಯೆಗಳಿಗೆ (2^1 + 1, 2^2 + 1, 2^4 + 1, ಹೀಗೆ 2^32 + 1ರವರೆಗೆ) ಫರ್ಮಾ ಸಂಖ್ಯೆಗಳು ಎಂದು ಹೆಸರು. ಈ ಬಗೆಯವೆಲ್ಲವೂ ಅವಿಭಾಜ್ಯ ಎಂದು ಫ್ರಾನ್ಸಿನ ಗಣಿತಜ್ಞ ಫರ್ಮಾ ನಂಬಿದ್ದ. ಮೊದಲ ಐದು ನಿಜಕ್ಕೂ ಅವಿಭಾಜ್ಯವೇ. ಆರನೆಯದು ಕೈಕೊಟ್ಟಿತು: 1732ರಲ್ಲಿ ಆಯ್ಲರ್ 4294967297 = 641 × 6700417 ಎಂದು ತೋರಿಸಿದ. ಹೀಗೆ ನಮ್ಮ ಸಂಖ್ಯೆಯ ಪೂರ್ತಿ ಅಪವರ್ತನ:

3 × 5 × 17 × 257 × 641 × 65537 × 6700417

ಏಳು ಅವಿಭಾಜ್ಯಗಳು, ಯಾವುದೂ ಎರಡು ಸಲ ಇಲ್ಲ. ಮೂರರ ಸಾಕ್ಷಿ ಬೇಕಿದ್ದರೆ ಅಂಕಿಗಳನ್ನು ಕೂಡಿಸಿ: 87 ಬರುತ್ತದೆ. 87 ಮೂರರಿಂದ ಭಾಗವಾಗುತ್ತದೆ, ಒಂಬತ್ತರಿಂದ ಆಗುವುದಿಲ್ಲ.

ಕಿಟಕಿಪಕ್ಕ
ಮೇಷ್ಟ್ರೇ, 641 ಎಲ್ಲಿಂದ ಬಂತು ಎಂದು ಮಗಳು ಕೇಳುತ್ತಿದ್ದಾಳೆ. ಒಂದೊಂದನ್ನೇ ಭಾಗಿಸಿ ನೋಡಿದರೇ?

ನಿವೃತ್ತಮೇಷ್ಟ್ರು
ಅಷ್ಟು ಕುರುಡಾಗಿ ಅಲ್ಲ. 4294967297 ಅನ್ನು ಭಾಗಿಸಬಲ್ಲ ಅವಿಭಾಜ್ಯವೆಂದರೆ 64ರ ಅಪವರ್ತ್ಯಕ್ಕಿಂತ ಒಂದು ಹೆಚ್ಚು ಇರಲೇಬೇಕು ಎಂದು ಆಯ್ಲರನಿಗೆ ಗೊತ್ತಾಗಿತ್ತು. ಅಂಥವು 193, 257, 449, 577, 641. ಐದನೆಯ ಪ್ರಯತ್ನಕ್ಕೇ ಮೀನು ಸಿಕ್ಕಿತು.

ಭಾಗಾಕಾರವನ್ನೇ ಮಾಡದೆ ನೋಡುವ ದಾರಿಯೂ ಇದೆ, ನನಗೆ ಬಹಳ ಇಷ್ಟ. 641 ಅನ್ನು ಎರಡು ರೀತಿ ಬರೆಯಿರಿ.

641 = 5 × 128 + 1
641 = 625 + 16

641ರಿಂದ ಭಾಗಿಸಿದಾಗ ಉಳಿಯುವ ಶೇಷವನ್ನು ಮಾತ್ರ ನೋಡೋಣ, 641 ಎಂದರೆ ಸೊನ್ನೆ. ಮೊದಲನೆಯ ಸಾಲು ಹೇಳುವುದು: ಈ ಲೆಕ್ಕದಲ್ಲಿ 5 × 2^7 ಎಂದರೆ −1. ಅದನ್ನು ನಾಲ್ಕು ಸಲ ಗುಣಿಸಿದರೆ 5^4 × 2^28 ಎಂದರೆ +1. ಎರಡನೆಯ ಸಾಲು ಹೇಳುವುದು: 5^4 ಎಂದರೆ −2^4. ಇದನ್ನು ಅಲ್ಲಿ ಹಾಕಿದರೆ −2^32 ಎಂದರೆ +1. ಅಂದರೆ 2^32 + 1 ಎಂದರೆ ಸೊನ್ನೆ, ಶೇಷವಿಲ್ಲ. ಒಂದು ಪೋಸ್ಟ್‌ಕಾರ್ಡಿನ ಹಿಂಬದಿಯಲ್ಲಿ ಮುಗಿಯುವ ಸಾಧನೆ.

ದೂರದೇಶಿ
ಫರ್ಮಾ ಸಂಖ್ಯೆಗಳ ಮಾತು ಬಂದದ್ದಕ್ಕೆ ನಡುವೆ ಬಾಯಿ ಹಾಕುತ್ತೇನೆ. ಜರ್ಮನಿಯ ಬ್ರೌನ್‌ಶ್ವೈಗ್ ಗಣಿತಜ್ಞ ಗಾಸ್ ಹುಟ್ಟಿದ ಊರು. ಹೋದ ಚಳಿಗಾಲ ಅಲ್ಲಿ ಅವನ ಪ್ರತಿಮೆಯ ಕೆಳಗೆ ನಿಂತು, ಪೀಠದ ಮೇಲಿನ ನಕ್ಷತ್ರದ ಮೊನೆಗಳನ್ನು ಕೈಗವಸು ತೆಗೆದು ಬೆರಳಿಟ್ಟು ಎಣಿಸಿದೆ. ಹದಿನೇಳು. ಜೊತೆಗಿದ್ದ ಹೆಂಡತಿ "ಇಷ್ಟು ಚಳಿಯಲ್ಲಿ ಇದಕ್ಕಾಗಿ ಬಂದೆವೇ?" ಎಂದಳು. ಹೌದು, ಇದಕ್ಕಾಗಿಯೇ.

1796ರಲ್ಲಿ, ಇನ್ನೂ ಹತ್ತೊಂಬತ್ತು ತುಂಬದ ಹುಡುಗ, ಕೈವಾರ ಮತ್ತು ಗುರುತಿಲ್ಲದ ಅಳತೆಪಟ್ಟಿಯಿಂದ 17 ಬಾಹುಗಳ ಸಮಬಹುಭುಜ ರಚಿಸಬಹುದು ಎಂದು ಸಾಧಿಸಿದ. ಬಾಹುಗಳ ಸಂಖ್ಯೆ ಬೆಸವಾಗಿದ್ದರೆ ಅದು ಬೇರೆ ಬೇರೆ ಫರ್ಮಾ ಅವಿಭಾಜ್ಯಗಳ ಗುಣಲಬ್ಧವಾಗಿರಬೇಕು ಎಂಬುದು ನಿಯಮ. ಗೊತ್ತಿರುವುದು ಐದೇ: 3, 5, 17, 257, 65537. ಇವನ್ನು ಬೇಕಾದಂತೆ ಆರಿಸಿ ಗುಣಿಸಿದರೆ 31 ಬಹುಭುಜಗಳು. ಎಲ್ಲಕ್ಕಿಂತ ದೊಡ್ಡದು ಐದನ್ನೂ ಗುಣಿಸಿದ್ದು, 4294967295 ಬಾಹುಗಳದ್ದು. ಅದು 2^32 − 1. ಕಾಳಿನ ಲೆಕ್ಕದಲ್ಲಿ ಹಾಸಿನ ಮೊದಲರ್ಧ!

ಎಡವಟ್ಟು
ಅಷ್ಟು ಬಾಹು ಇದ್ದರೆ ಅದನ್ನು ವೃತ್ತ ಎನ್ನುತ್ತಾರೆ.

ಕೀಲಿಮಣೆ
ಏಳು ಅವಿಭಾಜ್ಯಗಳು, ಪ್ರತಿಯೊಂದನ್ನೂ ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಹಾಗಾಗಿ ಈ ಸಂಖ್ಯೆಗೆ ಒಟ್ಟು ಭಾಜಕಗಳು 2^7 = 128. ಚದುರಂಗದ ಎಂಟನೆಯ ಮನೆಯಲ್ಲಿರುವ ಕಾಳಿನಷ್ಟೇ. ಇದಕ್ಕೆ ಅರ್ಥವೇನೂ ಇಲ್ಲ, ಸುಮ್ಮನೆ ಹೇಳಿದೆ.

ಬಿಳಿಜೋಳ
ನೀವೆಲ್ಲ ಕಾಳನ್ನು ಅಂಕಿ ಮಾಡಿ ಆಡುತ್ತಿದ್ದೀರಿ. ನಾನು ವಿಜಯಪುರ ಕಡೆಯ ರೈತ. ಇಷ್ಟು ಗೋಧಿಯ ತೂಕ ಎಷ್ಟು ಎಂದು ಯಾರೂ ಕೇಳಲಿಲ್ಲ.

ನಿನ್ನೆ ರಾತ್ರಿ ಗೋಧಿ ಡಬ್ಬಿ ತೆಗೆದು ಪರಾತದಲ್ಲಿ ಸುರಿದು, ಹತ್ತು ಹತ್ತರ ಗುಂಪು ಮಾಡಿ, ಸಾವಿರ ಕಾಳು ಎಣಿಸಿದೆ. ನಡುವೆ ಮೊಮ್ಮಗ ಬಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡ, ಮತ್ತೆ ಮೊದಲಿನಿಂದ ಎಣಿಸಿದೆ. ಅಡುಗೆಮನೆಯ ತಕ್ಕಡಿ 40 ಗ್ರಾಂ ತೋರಿಸಿತು. ಆ ಲೆಕ್ಕ ಹಿಡಿದರೆ ರಾಜ ಕೊಡಬೇಕಾದದ್ದು ಸುಮಾರು 73,800 ಕೋಟಿ ಟನ್. ಈಗ ಇಡೀ ಜಗತ್ತು ವರ್ಷಕ್ಕೆ ಬೆಳೆಯುವ ಗೋಧಿ ಸುಮಾರು 80 ಕೋಟಿ ಟನ್. ಒಂಬೈನೂರು ವರ್ಷಕ್ಕೂ ಮೀರಿದ ಬೆಳೆ, ಯಾರೂ ಒಂದು ಚಪಾತಿ ತಿನ್ನದೆ, ಇಲಿ ಹೆಗ್ಗಣ ಮುಟ್ಟದೆ, ಕೂಡಿಡಬೇಕು. ಗೋದಾಮಿನ ಬಾಡಿಗೆ ಬೇರೆ.

ಸುಮ್ಮನೆಓದುಗ
ನಮ್ಮ ಹಳೆ ಮೈಸೂರಿನ ರಾಜನಾಗಿದ್ದರೆ ರಾಗಿ ಕೊಡುತ್ತೇನೆ ಎನ್ನುತ್ತಿದ್ದ, ಬಚಾವಾಗುತ್ತಿದ್ದ.

ಬಿಳಿಜೋಳ
ರಾಗಿ ಸಾವಿರ ಕಾಳಿಗೆ ಮೂರು ಗ್ರಾಂ ಹಿಡಿದರೂ 5,500 ಕೋಟಿ ಟನ್ ಆಗುತ್ತದೆ. ಬಚಾವಾಗುವುದಿಲ್ಲ, ಸ್ವಲ್ಪ ತಡವಾಗಿ ದಿವಾಳಿಯಾಗುತ್ತಾನೆ. ಜೋಳವಂತೂ ಕೇಳಬೇಡಿ.

ಸುಮ್ಮನೆಓದುಗ
ಎಷ್ಟೆಂದರೂ ಮುದ್ದೆಯೇ ಅಗ್ಗ ಎಂದಾಯಿತು.

ಬಿಳಿಜೋಳ
ರೊಟ್ಟಿಯ ವಿಷಯಕ್ಕೆ ಬರಬೇಡಿ, ಈ ಚರ್ಚೆ ಬೇರೆ ದಾರಿ ಹಿಡಿಯುತ್ತದೆ.

ತುಂಗೆಯದಡ
ಕಾಶಿಯ ದೇವಸ್ಥಾನದಲ್ಲೂ ಇದೇ ಸಂಖ್ಯೆ ಇದೆಯಲ್ಲ. ಮೂರು ವಜ್ರದ ಕಂಬಗಳು, 64 ಚಿನ್ನದ ಬಿಲ್ಲೆಗಳು. ಅರ್ಚಕರು ಹಗಲೂ ರಾತ್ರಿ ಒಂದೊಂದೇ ಬಿಲ್ಲೆ ಸರಿಸುತ್ತಾರೆ, ದೊಡ್ಡದನ್ನು ಚಿಕ್ಕದರ ಮೇಲೆ ಇಡುವಂತಿಲ್ಲ. ಎಲ್ಲವೂ ಇನ್ನೊಂದು ಕಂಬಕ್ಕೆ ಬಂದ ದಿನ ಪ್ರಳಯ. ಎಷ್ಟು ಸಲ ಸರಿಸಬೇಕು ಎಂದರೆ ಸರಿಯಾಗಿ ಇಷ್ಟೇ ಸಲ. ನಮ್ಮ ಹಿರಿಯರ ಗಣಿತ ನೋಡಿ.

ಸಂಶಯಪ್ಪ
ಅಂಥ ದೇವಸ್ಥಾನ ಕಾಶಿಯಲ್ಲಿ ಇಲ್ಲ. ಅದು ಫ್ರಾನ್ಸಿನ ಎಡ್ವಾರ್ ಲ್ಯೂಕಾ ಎಂಬ ಗಣಿತಜ್ಞ 1883ರಲ್ಲಿ ಮಾರಾಟಕ್ಕೆ ತಂದ ಆಟಿಕೆ. ಪೆಟ್ಟಿಗೆಯ ಮೇಲೆ ತನ್ನ ಹೆಸರನ್ನೇ ಅಕ್ಷರ ಅದಲುಬದಲು ಮಾಡಿ "ಸಯಾಮಿನ ಕ್ಲೌಸ್" ಎಂದು ಹಾಕಿಕೊಂಡಿದ್ದ. ಕಾಶಿಯ ಕಥೆ ಅದರ ಜೊತೆ ಕಟ್ಟಿದ ಒಗ್ಗರಣೆ.

ತುಂಗೆಯದಡ
ಕಥೆ ಫ್ರಾನ್ಸಿನದೇ ಇರಲಿ, ಲೆಕ್ಕವಾದರೂ ಸರಿಯೋ?

ಸಂಶಯಪ್ಪ
ಲೆಕ್ಕ ಸರಿ. ಕೆಳಗಿನ ದೊಡ್ಡ ಬಿಲ್ಲೆ ಸರಿಸಬೇಕಾದರೆ ಮೇಲಿನ 63 ಅನ್ನೂ ಒಮ್ಮೆ ಆಚೆ ಇಡಬೇಕು, ಆಮೇಲೆ ಮತ್ತೊಮ್ಮೆ ಅದರ ಮೇಲೆ ತರಬೇಕು. ಅಂದರೆ ಒಂದು ಬಿಲ್ಲೆ ಹೆಚ್ಚಾದಾಗ ಶ್ರಮ ದುಪ್ಪಟ್ಟು, ಜೊತೆಗೆ ಒಂದು. 1, 3, 7, 15. ಸೆಕೆಂಡಿಗೆ ಒಂದು ಸಲದಂತೆ ಸರಿಸಿದರೂ ಸುಮಾರು 58,500 ಕೋಟಿ ವರ್ಷ ಬೇಕು. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಪ್ರಳಯಕ್ಕೆ ಸಮಯವಿದೆ, ಮನೆ ಸಾಲದ ಕಂತು ಕಟ್ಟುತ್ತಿರಿ.

ಇನ್ನೊಂದು ಮಾತು. ಯಾವ ಸಂಖ್ಯೆ ಸಿಕ್ಕರೂ "ನಮ್ಮಲ್ಲಿ ಮೊದಲೇ ಇತ್ತು" ಎನ್ನುವುದು ಒಂದು ಚಾಳಿಯಾಗಿದೆ. ಮೊಬೈಲಿನಲ್ಲಿ ದಿನಕ್ಕೆ ಮೂರು ಬರುತ್ತವೆ. ಈ ಸಂಖ್ಯೆಯನ್ನು ಪೂರ್ತಿಯಾಗಿ ಲೆಕ್ಕ ಹಾಕಿದ ಹಳಬರಲ್ಲಿ ನಾನು ಬಲ್ಲವನು ಮಧ್ಯ ಏಷ್ಯಾದ ವಿದ್ವಾಂಸ ಅಲ್ ಬಿರೂನಿ. ಕ್ರಿ.ಶ. 1000ದ ಸುಮಾರಿಗೆ ಬರೆದ ಕಾಲಗಣನೆಯ ಗ್ರಂಥದಲ್ಲಿ ಚದುರಂಗದ ಕಾಳಿನ ಮೊತ್ತವನ್ನು ಕೊನೆಯ ಅಂಕಿಯವರೆಗೆ ಕೊಟ್ಟಿದ್ದಾನೆ. ನಮ್ಮ ಕಡೆ ಯಾರಾದರೂ ಬರೆದಿದ್ದರೆ ತೋರಿಸಿ, ಒಪ್ಪುತ್ತೇನೆ.

ತೆಂಕಣಗಾಳಿ
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಸಂಶಯಪ್ಪನವರೇ, ತೋರಿಸುತ್ತೇನೆ.

ನಾನು ಮೂಡುಬಿದಿರೆಯವಳು. ಅಜ್ಜ ಸಂಜೆ ದೀಪ ಹಚ್ಚಿದಮೇಲೆ ಗೊಮ್ಮಟಸಾರ ಎಂಬ ಜೈನ ಗ್ರಂಥದ ಗಾಹೆಗಳನ್ನು (ಪ್ರಾಕೃತ ಪದ್ಯಗಳನ್ನು) ರಾಗವಾಗಿ ಓದುತ್ತಿದ್ದರು. ಅದರಲ್ಲಿ ಒಂದು ಕಡೆ ಬಂದಾಗ ನಾವು ಮಕ್ಕಳು ನಗುತ್ತಿದ್ದೆವು, ಏಕೆಂದರೆ ಅದು ಮಗ್ಗಿಯಂತೆ ಕೇಳಿಸುತ್ತಿತ್ತು. ಪ್ರಾಕೃತದ ಮಾತುಗಳನ್ನು ಬಿಡಿಸಿದರೆ ಹೀಗಿದೆ:

ಏಕ, ಅಟ್ಠ, ಚ, ಚ, ಛ, ಸತ್ತ, ಚ, ಚ, ಸುಣ್ಣ, ಸತ್ತ, ತಿಯ, ಸತ್ತ, ಸುಣ್ಣ, ಣವ, ಪಣ, ಪಂಚ, ಏಕ್ಕ, ಛಕ್ಕ, ಏಕ್ಕ, ಪಣಗ.

ಅಟ್ಠ ಎಂದರೆ ಎಂಟು, ಸತ್ತ ಏಳು, ತಿಯ ಮೂರು, ಸುಣ್ಣ ಸೊನ್ನೆ, ಪಣ ಐದು. "ಚ" ಎಂದು ಬಂದಲ್ಲಿ ನಾಲ್ಕು. ಈಗ ಮಗಳ ಚೌಕಳಿ ಪುಸ್ತಕ ತೆಗೆದು ಎಡದಿಂದ ಒಂದೊಂದೇ ಅಂಕಿಯ ಮೇಲೆ ಬೆರಳಿಡಿ.

1 8 4 4 6 7 4 4 0 7 3 7 0 9 5 5 1 6 1 5.

ಬರೆದವರು ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿ, ಶ್ರವಣಬೆಳಗೊಳದಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ಚಾವುಂಡರಾಯನ ಗುರುಗಳು. ಹತ್ತನೆಯ ಶತಮಾನದ ಕೊನೆ. ಚಾವುಂಡರಾಯನಿಗೆ ಗೊಮ್ಮಟ ಎಂಬ ಹೆಸರೂ ಇತ್ತು, ಗ್ರಂಥದ ಹೆಸರು ಅದರಿಂದಲೇ. ಅದಕ್ಕೆ 1359ರಲ್ಲಿ ಕೇಶವವರ್ಣಿ ಕನ್ನಡದಲ್ಲಿ ಟೀಕೆ ಬರೆದರು.

ಕಿಟಕಿಪಕ್ಕ
ಮಗಳು ಬೆರಳಿಟ್ಟು ಓದಿದಳು. ಇಪ್ಪತ್ತೂ ಕೂಡಿಬಂದವು. ಮೈ ಜುಮ್ಮೆಂದಿತು. ಆದರೆ ಅವರಿಗೆ ಚದುರಂಗದ ಕಾಳು ಏಕೆ ಬೇಕಿತ್ತು?

ತೆಂಕಣಗಾಳಿ
ಕಾಳಲ್ಲ, ಅಕ್ಷರ. ಅವರ ಎಣಿಕೆಯಲ್ಲಿ ಮೂಲ ವರ್ಣಗಳು 64: ವ್ಯಂಜನ 33, ಸ್ವರ 27 (ಒಂಬತ್ತು ಸ್ವರಗಳು, ಪ್ರತಿಯೊಂದೂ ಹ್ರಸ್ವ, ದೀರ್ಘ, ಪ್ಲುತ), ಯೋಗವಾಹ 4. ಒಂದೇ ವರ್ಣ, ಎರಡರ ಜೋಡಿ, ಮೂರರ ಕೂಟ, ಹೀಗೆ 64ರ ಕೂಟದವರೆಗೆ ಎಷ್ಟು ಸಂಯೋಗಗಳು ಸಾಧ್ಯ? ಶ್ರುತಜ್ಞಾನದ, ಅಂದರೆ ಶಾಸ್ತ್ರದಿಂದ ಬರುವ ಅರಿವಿನ, ಒಟ್ಟು ಅಕ್ಷರಗಳು ಅಷ್ಟು ಎನ್ನುತ್ತಾರೆ.

ಲೆಕ್ಕದ ವಿಧಾನವನ್ನು ಹಿಂದಿನ ಗಾಹೆಯಲ್ಲೇ ಹೇಳಿದ್ದಾರೆ: 64 ಅನ್ನು ಒಂದೊಂದಾಗಿ ಹರಡು, ಪ್ರತಿಯೊಂದರ ಮೇಲೂ ಎರಡನ್ನು ಇಡು, ಎಲ್ಲವನ್ನೂ ಗುಣಿಸು, ಒಂದನ್ನು ಕಳೆ. ಹರಡುವುದಕ್ಕೆ ವಿರಲನ ಎನ್ನುತ್ತಾರೆ, ಇಡುವುದಕ್ಕೆ ದೇಯ. ಪ್ರತಿ ವರ್ಣಕ್ಕೂ ಎರಡೇ ಗತಿ, ಕೂಟದಲ್ಲಿ ಇರುವುದು ಅಥವಾ ಇಲ್ಲದಿರುವುದು. ಅದಕ್ಕೆ ಎರಡು.

ಕೀಲಿಮಣೆ
ಒಂದನ್ನು ಕಳೆಯುವುದು ಏಕೆಂದರೆ ಯಾವ ವರ್ಣವೂ ಇಲ್ಲದ ಖಾಲಿ ಕೂಟ ಅಕ್ಷರವಲ್ಲ! ಇದು ನೇರವಾಗಿ ದ್ವಿಮಾನವೇ. 64 ಜಾಗ, ಪ್ರತಿಯೊಂದರಲ್ಲೂ ಇದೆ ಅಥವಾ ಇಲ್ಲ. ಪ್ರತಿ ಕೂಟಕ್ಕೂ ಒಂದು ಕಾಳು ಕೊಟ್ಟರೆ ಚದುರಂಗದ ಕಾಳೆಲ್ಲ ಸರಿಯಾಗಿ ಖಾಲಿಯಾಗುತ್ತವೆ. ಅವರು ಕಳೆದ ಆ ಒಂದೂ, ಮೇಷ್ಟ್ರ ಸಾಲದ ಕಾಳೂ ಒಂದೇ.

ಸಂಶಯಪ್ಪ
ಒಪ್ಪಿದೆ. ಮಾತು ಕೊಟ್ಟಿದ್ದೆ. ಆದರೆ ದಯವಿಟ್ಟು ಯಾರೂ ಇದನ್ನು "ಶ್ರವಣಬೆಳಗೊಳದಲ್ಲಿ ಕಂಪ್ಯೂಟರ್ ಇತ್ತು" ಎಂದು ಮುಂದಕ್ಕೆ ಕಳುಹಿಸಬೇಡಿ.

ತೆಂಕಣಗಾಳಿ
ನನಗೂ ಅದೇ ಭಯ. ಕಂಪ್ಯೂಟರ್ ಇರಲಿಲ್ಲ ಎಂಬುದೇ ಇದರ ಸೊಗಸು. ಅವರಿಗೆ ಘಾತಗಳ ಒಳ್ಳೆಯ ಹಿಡಿತ ಇತ್ತು. ಇದಕ್ಕೂ ಮೊದಲಿನ ಧವಲಾ ಎಂಬ ಜೈನ ಟೀಕೆಯಲ್ಲಿ ವೀರಸೇನಾಚಾರ್ಯರು ಅರ್ಧಚ್ಛೇದ ಎಂಬ ಮಾತು ಬಳಸುತ್ತಾರೆ, ಒಂದು ಸಂಖ್ಯೆಯನ್ನು ಎಷ್ಟು ಸಲ ಅರ್ಧ ಮಾಡಬಹುದು ಎಂಬ ಎಣಿಕೆ. 16ರ ಅರ್ಧಚ್ಛೇದ ನಾಲ್ಕು, ಉತ್ತರಪಟ್ಟಿಯ ಆ ...616ರ ಅರ್ಧಚ್ಛೇದ 64. ಧವಲಾದ ಓಲೆಗರಿಗಳು ಕನ್ನಡ ಲಿಪಿಯಲ್ಲಿ ಉಳಿದದ್ದು ನಮ್ಮ ಮೂಡುಬಿದಿರೆಯ ಬಸದಿಯಲ್ಲೇ.

ನಿವೃತ್ತಮೇಷ್ಟ್ರು
ಎರಡು ದಾರಿ, ಒಂದೇ ಸಂಖ್ಯೆ. ಬಿರೂನಿಯೂ ನೇಮಿಚಂದ್ರರೂ ಹೆಚ್ಚುಕಡಿಮೆ ಒಂದೇ ಕಾಲದವರು, ಒಬ್ಬರಿಗೊಬ್ಬರು ಗೊತ್ತಿಲ್ಲದವರು.

ಕೈಯಲ್ಲಿ ಹೇಗೆ ಮಾಡಿರಬಹುದು ಎಂದು ನಿನ್ನೆ ನಾನೇ ಕೂತು ನೋಡಿದೆ. 63 ಸಲ ದುಪ್ಪಟ್ಟು ಮಾಡಬೇಕಿಲ್ಲ, ಆರು ಸಲ ವರ್ಗ ಮಾಡಿದರೆ ಸಾಕು: 2, 4, 16, 256, 65536, 4294967296. ಆರನೆಯ ವರ್ಗ ಮಾತ್ರ ಹಲ್ಲು ಕಚ್ಚಿ ಮಾಡಬೇಕು. ಸಂಖ್ಯೆಯನ್ನು 42949 ಮತ್ತು 67296 ಎಂದು ನಡುವೆ ಮುರಿದುಕೊಂಡೆ.

42949ರ ವರ್ಗ: 1844616601
ಎರಡರ ಗುಣಲಬ್ಧದ ಎರಡರಷ್ಟು: 5780591808
67296ರ ವರ್ಗ: 4528751616

ಇವನ್ನು ಐದೈದು ಸ್ಥಾನ ಸರಿಸಿ ಒಂದರ ಕೆಳಗೊಂದು ಬರೆದು ಕೂಡಿಸಿದರೆ 18446744073709551616. ಮೊದಲ ಸಲ ನಡುವಿನ ಸಾಲಿನಲ್ಲಿ ದಶಕ ಬಿಟ್ಟುಹೋಗಿ ತಪ್ಪಾಯಿತು. ಎರಡನೆಯ ಸಲ, ಕಾಫಿ ಆರಿದಮೇಲೆ, ಸರಿಬಂತು. ಒಂದು ಕಳೆದು ಪುಸ್ತಕ ಮುಚ್ಚಿದೆ.

ಕೊಡಗಿನಮಳೆ
ಇದನ್ನು ಕನ್ನಡದಲ್ಲಿ ಓದುವುದು ಹೇಗೆ? ನಮ್ಮ ಅಲ್ಪವಿರಾಮ ಹಾಕಿದರೆ 1,84,46,74,40,73,70,95,51,615. ಕೋಟಿಯ ಮೇಲೆ ನನಗೆ ಉಸಿರು ಕಟ್ಟುತ್ತದೆ.

ತೆಂಕಣಗಾಳಿ
ಜೈನ ಗ್ರಂಥಗಳಲ್ಲಿ ಕೋಡಾಕೋಡಿ ಎಂಬ ಮಾತಿದೆ, ಕೋಟಿಯ ಕೋಟಿ. ಅದನ್ನು ಹಿಡಿದರೆ ಸಲೀಸು: 1,84,467 ಕೋಟಿ ಕೋಟಿ, 44,07,370 ಕೋಟಿ, 95,51,615.

ನಿವೃತ್ತಮೇಷ್ಟ್ರು
ಹೆಸರೇ ಬೇಕೆಂದರೆ ಮಹಾವೀರಾಚಾರ್ಯರ ಬಳಿ ಹೋಗಿ. ಒಂಬತ್ತನೆಯ ಶತಮಾನ, ಅಮೋಘವರ್ಷ ನೃಪತುಂಗನ ಕಾಲ. ಗಣಿತಸಾರಸಂಗ್ರಹದಲ್ಲಿ ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳಿಗೆ ಹೆಸರಿಟ್ಟಿದ್ದಾರೆ. ನಮ್ಮದು 20 ಅಂಕಿ. ಇಪ್ಪತ್ತನೆಯ ಸ್ಥಾನದ ಹೆಸರು ಮಹಾಶಂಖ. ಅಂದರೆ ಮೊದಲ 1 ಎಂದರೆ ಒಂದು ಮಹಾಶಂಖ, ಮುಂದಿನ 8 ಎಂದರೆ ಎಂಟು ಶಂಖ.

ಅವರಿಗೆ ಸಂಖ್ಯೆಗಳ ಮೇಲೆ ಒಂದು ಬಗೆಯ ಆಭರಣಪ್ರೀತಿಯೂ ಇತ್ತು. ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊರಳಹಾರಕ್ಕೆ ಹೋಲಿಸುತ್ತಾರೆ. 142857143 × 7 ಮಾಡಿ ನೋಡಲು ಮಗಳಿಗೆ ಹೇಳಿ. ಅದು ಮುಗಿದರೆ 27994681 × 441. ಉತ್ತರ ನಾನು ಹೇಳುವುದಿಲ್ಲ.

ಸುಮ್ಮನೆಓದುಗ
ಮೊದಲನೆಯದು ಮಾಡಿದೆ. 1000000001. ಎರಡು ತುದಿಗೆ ಎರಡು ಮಣಿ, ನಡುವೆ ಬರೀ ದಾರ.

ಎಡವಟ್ಟು
ಎರಡನೆಯದು 12345654321. ಈ ಸಲ ತಪ್ಪಿಲ್ಲ, ಮೂರು ಸಲ ಮಾಡಿದ್ದೇನೆ.

ಕಿಟಕಿಪಕ್ಕ
ಎಲ್ಲರಿಗೂ ಕೃತಜ್ಞತೆ. ಇವತ್ತಿನ ವರದಿ: ಮಗಳು ಸಾಲದ ಕಾಳಿನ ಕಥೆಯನ್ನು ತರಗತಿಯಲ್ಲಿ ಹೇಳಿದಳಂತೆ. ಶಿಕ್ಷಕಿ ಒಂದು ನಿಮಿಷ ಯೋಚಿಸಿ, ಉತ್ತರಪಟ್ಟಿಯ ಕೊನೆಯ 6 ಅನ್ನು ಎಲ್ಲರ ಮುಂದೆಯೇ ಪೆನ್ನಿನಿಂದ 5 ಮಾಡಿದರಂತೆ. ಆಮೇಲೆ "ಅಷ್ಟು ಅಂಕಿ ಬಾಯಿಪಾಠ ಬರುತ್ತದೆಯೇ?" ಎಂದು ಕೇಳಿದ್ದಾರೆ. ಇವಳು ಬಸ್ಸಿನಲ್ಲಿ ಕಲಿತುಕೊಂಡು ಹೋಗಿದ್ದ "ಏಕ, ಅಟ್ಠ, ಚ, ಚ" ಶುರು ಮಾಡಿ ಎರಡನೆಯ ಸುಣ್ಣದ ಹತ್ತಿರ ಎಡವಿದಳಂತೆ. ಈಗ ಮಹಡಿಯ ಮೆಟ್ಟಿಲ ಮೇಲೆ ಕೂತು ಮತ್ತೆ ಹೇಳಿಕೊಳ್ಳುತ್ತಿದ್ದಾಳೆ, ಕೇಳಿಸುತ್ತಿದೆ.

ತೆಂಕಣಗಾಳಿ
ನಮ್ಮ ಅಜ್ಜನೂ ಎರಡನೆಯ ಸುಣ್ಣದ ಬಳಿ ಉಸಿರು ತೆಗೆದುಕೊಳ್ಳುತ್ತಿದ್ದರು. ಗಾಹೆಯಲ್ಲಿ ಅಲ್ಲೇ ಸಾಲು ಮುರಿಯುವುದು, ನಿಂತು ಹೇಳಲಿ.

ಎಡವಟ್ಟು
ಎಲ್ಲ ಸರಿ, ಆದರೆ 65 ಮನೆಯ ಹಾಸು ಎಲ್ಲಿ ಸಿಗುತ್ತದೆ ಎಂದು ಯಾರೂ ಹೇಳಲಿಲ್ಲ.

ಬಿಳಿಜೋಳ
ಮೊದಲು ಪಕ್ಕದ ಮನೆಯ ಕಾಳು ಹಿಂತಿರುಗಿಸಿ ಬನ್ನಿ.